ಬಂಗಾನಳ ಕುರ್ಚಿ

ವಸತಿಗೃಹದ ಮುಂಬಾಗಿಲಲ್ಲಿ ಬೆಳಗಿನ ಹೊತ್ತು ಬೂಟುಗಳದ್ದೇ ರಾಶಿ. ಸೂರ್ಯೋದಯ ನೋಡಲು ಗುಡ್ಡ ಹತ್ತಿ ಇಳಿದವರು ಒದ್ದೆ ಕಾಲುಚೀಲ ಹಿಂಡುತ್ತಿದ್ದರು. ಮನಿಲಾದ ಬಸ್ಸಿನಿಂದ ಆಗತಾನೆ ಇಳಿದವರು ಕಣ್ಣುಜ್ಜಿಕೊಳ್ಳುತ್ತ ಕಾಫಿ ಕೇಳುತ್ತಿದ್ದರು. ಅಗ್ರಿಪಿನಾ ಆ ರಾಶಿಯ ಅಂಚಿನಲ್ಲಿ ತನ್ನ ಚಪ್ಪಲಿ ಬಿಟ್ಟು ಒಳಗೆ ಬಂದಳು. ಬಾಗಿಲ ಬಳಿ ಪ್ರವಾಸಿಗರಿಗಾಗಿ ಕಾಯುತ್ತಿದ್ದ ಗೈಡ್ ಬಾಸಿಲಿಯೊ ಅವಳ ಸೋದರತ್ತೆಯ ಮಗ. ಅವಳನ್ನು ಕಂಡರೆ ಎರಡು ತಮಾಷೆ ಮಾಡದೆ ಬಿಡುವವನಲ್ಲ. ಅವತ್ತು ಯಾಕೋ ತಲೆ ತಗ್ಗಿಸಿ ಅಂಗಳಕ್ಕೆ ಇಳಿದುಹೋದ.

ಲಿಪ್ಪಾಯ್ ಊರಿನ ನಡೆನುಡಿ, ಆಚಾರಗಳನ್ನೆಲ್ಲ ದಾಖಲಿಸಿ ಒಂದು ಪುಸ್ತಕ ಮಾಡುವ ಕೆಲಸವನ್ನು ಪುರಸಭೆಯವರು ಅಗ್ರಿಪಿನಾಳಿಗೆ ವಹಿಸಿದ್ದರು. ಬೆಟ್ಟಕ್ಕೆ ಬರುವವರು ಎಲ್ಲಿ ಕಾಲಿಡಬಹುದು, ಎಲ್ಲಿ ಇಡಬಾರದು, ಯಾವುದನ್ನು ಮುಟ್ಟಲೇಬಾರದು ಎಂಬುದನ್ನು ಊರಿನವರ ಬಾಯಿಂದಲೇ ಕೇಳಿ ಬರೆಯುವ ಪುಸ್ತಕ ಅದು. ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳಾದ್ದರಿಂದ ಈಗಲೂ ಎಲ್ಲರಿಗೂ ಅವಳು ಟೀಚರೇ. ಈ ವಸತಿಗೃಹದ ಮಾಲೀಕ ವಿಲ್ಫ್ರೆಡೊ ಸಮುದ್ರದ ಕಡೆಯ ಬಯಲುಸೀಮೆಯವನು. ಪುಸ್ತಕಕ್ಕೆ ತಾನೂ ನೆರವಾಗುತ್ತೇನೆ, ಒಂದು ಪುಟ ತನ್ನ ಮನೆಗೂ ಇರಲಿ ಎಂದು ಹೇಳಿಕಳಿಸಿದ್ದ. ಅದಕ್ಕೇ ಅವಳು ಬಂದದ್ದು.

ಒಳಗೆ ಜನ ಸರದಿ ನಿಂತಿದ್ದರು. ಯಾಕೆಂದು ನೋಡಿದರೆ ಒಂದು ಕುರ್ಚಿ. ಪೈನ್ ಮರದ, ಗಿಡ್ಡ ಕಾಲಿನ, ಎತ್ತರದ ಬೆನ್ನಿನ ಹಳೆಯ ಕುರ್ಚಿ. ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ‘ಬೆಟ್ಟದ ದೊರೆಯ ಸಿಂಹಾಸನ’ ಎಂದು ಬರೆದಿತ್ತು. ಒಬ್ಬೊಬ್ಬರಾಗಿ ಕೂತು, ಗತ್ತಿನಿಂದ ಮೀಸೆ ತಿರುವಿದಂತೆ ಮಾಡಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ದೊರೆಯಂತೆ, ಸಿಂಹಾಸನವಂತೆ! ಈ ಬೆಟ್ಟಗಳಲ್ಲಿ ದೊರೆ ಎನ್ನುವವನೇ ಎಂದೂ ಇರಲಿಲ್ಲ. ಊರಿನ ಕಲ್ಲುಕಟ್ಟೆಯ ಮೇಲೆ ಹಿರಿಯರೆಲ್ಲ ಒಂದೇ ಎತ್ತರಕ್ಕೆ ಕೂತು ನ್ಯಾಯ ಹೇಳಿದವರು. ಅಗ್ರಿಪಿನಾಳಿಗೆ ಮೊದಲು ನಗು ಬಂತು. ಆಮೇಲೆ ಕುರ್ಚಿಯ ಎಡಗಾಲಿನ ಮೇಲೆ ಕಣ್ಣು ಬಿತ್ತು. ಅಲ್ಲಿ ಬೆತ್ತದ ಕಟ್ಟಿನ ಜೊತೆಗೆ ಹೊಗೆ ಹಿಡಿದು ಕಪ್ಪಾದ ಒಂದು ನೀಲಿ ಬಟ್ಟೆಯ ಚೂರು ಇತ್ತು.

ಆ ಬಟ್ಟೆ ಅವಳದೇ. ಪಾಠ ಹೇಳಲು ಶಾಲೆಗೆ ಉಟ್ಟುಹೋಗುತ್ತಿದ್ದ ಲಂಗದ ಅಂಚು.

ಲಿಪ್ಪಾಯ್‌ನಲ್ಲಿ ಹಿರಿಯರು ತೀರಿಕೊಂಡರೆ ಮಲಗಿಸುವುದಿಲ್ಲ. ಕುರ್ಚಿ ಮಾಡಿ, ಅದರಲ್ಲಿ ಕೂರಿಸಿ, ಬಿಗಿದು ಕಟ್ಟಿ, ಬಾಗಿಲಿಗೆ ಮುಖ ಮಾಡಿಸುತ್ತಾರೆ. ಬಂದವರು ಎದುರು ಕೂತು ಮಾತಾಡಿಸುತ್ತಾರೆ, ಹಾಡುತ್ತಾರೆ, ಬೈಯುವುದಿದ್ದರೆ ಬೈಯುತ್ತಾರೆ. ದೇಹ ಕೆಡದಿರಲೆಂದು ಕೆಳಗೆ ಹೊಗೆ ಹಾಕಿರುತ್ತಾರೆ. ಮನೆಯ ಹೆಣ್ಣುಮಗಳು ಪಕ್ಕದಲ್ಲಿ ಕೂತು ನೊಣ ಓಡಿಸುತ್ತಾಳೆ. ಆಮೇಲೆ ಹೆಣವನ್ನು ಮರದ ಪೆಟ್ಟಿಗೆಯಲ್ಲಿಟ್ಟು ಕಣಿವೆಯ ಕಡಿದಾದ ಬಂಡೆಗೆ ಏರಿಸಿ ನೇತುಹಾಕುತ್ತಾರೆ. ಕುರ್ಚಿಯನ್ನೂ ಪಕ್ಕದ ಗೂಟಕ್ಕೆ ತೂಗುಹಾಕುತ್ತಾರೆ, ಇನ್ನೊಬ್ಬರು ಅದರಲ್ಲಿ ಕೂರಬಾರದೆಂದು. ಅಮ್ಮ ಬಂಗಾನ್ ತೀರಿಕೊಂಡಾಗ ಬೆತ್ತ ಸಾಲದೆ, ಅಗ್ರಿಪಿನಾ ಉಟ್ಟ ಲಂಗದ ಅಂಚು ಹರಿದು ಆ ಕಾಲಿಗೆ ಕಟ್ಟಿದ್ದಳು.

ಈಗ ಅಲ್ಲಿ ಕನ್ನಡಕದ ಹುಡುಗಿಯೊಬ್ಬಳು ಕಾಲ ಮೇಲೆ ಕಾಲು ಹಾಕಿ ನಾಲಿಗೆ ಚಾಚಿ ಕೂತಿದ್ದಳು.

ವಿಲ್ಫ್ರೆಡೊ ಎರಡೂ ಕೈಯಲ್ಲಿ ಕಾಫಿ ಹಿಡಿದು ಬಂದ. ಕೆಟ್ಟ ಮನುಷ್ಯನ ಮುಖವಲ್ಲ ಅವನದು. ದುಂಡಗಿನ, ಸದಾ ಬೆವರುವ, ಎಲ್ಲರನ್ನೂ ಮೆಚ್ಚಿಸಲು ಓಡಾಡುವ ಮುಖ. ಸಿಂಹಾಸನ ಬಂದಮೇಲೆ ಕೋಣೆಗಳು ಖಾಲಿಯೇ ಇರುವುದಿಲ್ಲ, ಪುಸ್ತಕದಲ್ಲಿ ಅದರ ಚಿತ್ರ ಬಂದರೆ ಊರಿಗೂ ಹೆಸರು ಎಂದು ಹೇಳುತ್ತಲೇ ಹೋದ. ಅಗ್ರಿಪಿನಾಳ ನಾಲಿಗೆಯ ತುದಿಗೆ ಬಂದದ್ದನ್ನೆಲ್ಲ ಹೇಳಿದ್ದರೆ ಆ ಮನೆಯ ಗಾಜು ಉಳಿಯುತ್ತಿರಲಿಲ್ಲ. ಅವಳು ಹೇಳಲಿಲ್ಲ. ಕೂರಲಿ, ಎಲ್ಲರೂ ಕೂರಲಿ, ಹೆಣದ ಜಾಗದಲ್ಲಿ ಕೂತವರಿಗೆ ಏನಾಗುತ್ತದೋ ಆಗಲಿ ಎಂದುಕೊಂಡಳು. ಅವನ ಕಾಫಿಯನ್ನು ಕೊನೆಯ ಗುಟುಕಿನವರೆಗೆ ಕುಡಿದು, ಒಳ್ಳೆಯದಾಗಿದೆ ಎಂದು ಹೇಳಿ ಎದ್ದಳು.

ಬಂಡೆಯ ಬಳಿಗೆ ಸಾವಿನ ದಿನ ಬಿಟ್ಟು ಬೇರೆ ದಿನ ಯಾರೂ ಹೋಗುವಂತಿಲ್ಲ. ಆದ್ದರಿಂದಲೇ ಕಳವಾದದ್ದು ಯಾರಿಗೂ ತಿಳಿದಿರಲಿಲ್ಲ. ಅಗ್ರಿಪಿನಾ ಕಣಿವೆಯ ಈಚೆ ದಡದಲ್ಲಿ ನಿಂತು ನೋಡಿದಳು. ಅಮ್ಮನ ಪೆಟ್ಟಿಗೆ ಇತ್ತು. ಪಕ್ಕದ ಗೂಟ ಬೋಳಾಗಿತ್ತು. ಅಲ್ಲೇ ನಿಂತು ಎದೆ ಬಿರಿಯುವಂತೆ ಅತ್ತಳು. ಆಮೇಲೆ ಮುಖ ತೊಳೆದುಕೊಂಡು ನೇರವಾಗಿ ಅಗ್ಪದ್ ಅಜ್ಜನ ಬಳಿ ಹೋದಳು. ಕಲ್ಲುಕಟ್ಟೆಯ ಹಿರಿಯರಲ್ಲಿ ಉಳಿದವರ ಪೈಕಿ ಅವನೇ ದೊಡ್ಡವನು.

ಅವಳು ಹೇಳಿದ್ದನ್ನೆಲ್ಲ ಅಜ್ಜ ಹೊಗೆಸೊಪ್ಪಿನ ಕೊಳವೆ ಕಚ್ಚಿಕೊಂಡೇ ಕೇಳಿದ. ಹೋಗಿ ಹೇಳಿ, ಕುರ್ಚಿ ತಂದು, ಒಂದು ಹಂದಿ ಕಡಿದು, ಬಂಗಾನಳಿಗೆ ತಪ್ಪಾಯಿತೆಂದು ಹೇಳಿ ಮೇಲೆ ಕಟ್ಟಿದರಾಯಿತು ಎಂದ. ಅಷ್ಟು ಸುಲಭಕ್ಕೆ ಬಿಡಲು ಅಗ್ರಿಪಿನಾ ತಯಾರಿರಲಿಲ್ಲ.

“ನಿಂಗೆ ಕುರ್ಚಿ ಬೇಕೋ, ಅವನ ಮಾನ ಬೇಕೋ?” ಎಂದು ಅಜ್ಜ ಕೇಳಿದ.

“ಎರಡೂ ಬೇಕು. ಮೊದಲು ಮಾನ.”

“ಹುಷಾರು ಮಗಾ. ಅಲ್ಲಿರೋದು ನಿಮ್ಮಮ್ಮ.”

ಅವಳಿಗೆ ಆ ಮಾತು ಕಿವಿಗೆ ಬಿತ್ತೇ ಹೊರತು ಒಳಗಿಳಿಯಲಿಲ್ಲ. ಮನೆಗೆ ಹೋಗುವಷ್ಟರಲ್ಲಿ ಮನಸ್ಸಿನಲ್ಲಿ ಎಲ್ಲ ಸಿದ್ಧವಾಗಿತ್ತು. ಸುಳ್ಳಿನ ಒಂದು ಅಕ್ಷರವೂ ಬೇಕಿಲ್ಲ. ಅವನ ಆಸೆಯನ್ನು ಅವನಿಗೇ ಬಡಿಸಿದರೆ ಸಾಕು. ಅವನಿಗೆ ಪುಸ್ತಕದಲ್ಲಿ ಬರಬೇಕು ತಾನೇ? ಬರಲಿ. ಸತ್ತವರನ್ನು ಹೇಗೆ ಕೂರಿಸುತ್ತಾರೋ ಹಾಗೆಯೇ ಕೂತು ಬರಲಿ. ಪುಸ್ತಕ ಬಿಡುಗಡೆಯ ದಿನ ವೇದಿಕೆಯ ಮೇಲೆ ಅವನೂ ಇರುತ್ತಾನೆ. ಬೆಟ್ಟದ ಮುದುಕಿಯರು ಆ ಪುಟ ತೆರೆದು, ಚಿತ್ರ ನೋಡಿ, ಅವನ ಮುಖ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ತಾನು ಹೆಣವಾಗಿ ಕೂತಿದ್ದೆನೆಂದು ಅವನಿಗೆ ಆಗ, ಅಷ್ಟು ಜನರ ನಡುವೆ, ತಿಳಿಯಬೇಕು. ಈ ಯೋಚನೆ ಬಂದಮೇಲೆ ಅವಳಿಗೆ ಊಟ ರುಚಿಸಿತು. ಎಷ್ಟೋ ದಿನಗಳ ಮೇಲೆ ಅಡುಗೆಮನೆಯಲ್ಲಿ ಹಾಡು ಗುನುಗಿದಳು. ನಡುವೆ ಎರಡು ಸಲ ವಸತಿಗೃಹಕ್ಕೆ ಹೋಗಿ ಬಂದಳು, ನಗುನಗುತ್ತಲೇ. ಜನ ಕೂರುತ್ತಲೇ ಇದ್ದರು. ಇವಳು ನೋಡುತ್ತಲೇ ಇದ್ದಳು.

ಫೋಟೋ ತೆಗೆಯುವ ದಿನ ನೇಯುವವಳ ಮನೆಯಿಂದ ಹೊಸ ಹೊದಿಕೆಯೊಂದನ್ನು ತಂದಳು. ಬಿಳಿ ನೆಲ, ಕಪ್ಪು ಅಂಚು, ನಡುವೆ ಮನುಷ್ಯರ, ಹಾವುಗಳ ಚಿತ್ತಾರ. ಬದುಕಿರುವವರು ಯಾರೂ ಅದನ್ನು ಮೈಮೇಲೆ ಹಾಕಿಕೊಳ್ಳುವುದಿಲ್ಲ. ವಿಲ್ಫ್ರೆಡೊ ಅದನ್ನು ಮುಟ್ಟಿ ಮುಟ್ಟಿ ನೋಡಿ, ಇಷ್ಟು ಚೆಂದದ್ದು ಅಂಗಡಿಯಲ್ಲಿ ಸಿಗಲೇ ಇಲ್ಲವಲ್ಲ ಎಂದು ಪೇಚಾಡಿದ. ಅವಳು ಅವನನ್ನು ಬಾಗಿಲಿಗೆ ಮುಖ ಮಾಡಿ ಕೂರಿಸಿದಳು. ಹಣೆಗೆ ಬಿಳಿ ಪಟ್ಟಿ ಕಟ್ಟಿದಳು. ಕೈಗಳನ್ನು ಮೊಣಕಾಲ ಮೇಲೆ ಇಡಿಸಿದಳು. ಹೊದಿಕೆಯನ್ನು ಕುರ್ಚಿಯ ಬೆನ್ನಿನ ಮೇಲಿಂದ ಹೆಗಲು ಬಳಸಿ ನೆಲದವರೆಗೆ ಬಿಟ್ಟಾಗ ಕುರ್ಚಿ ಪೂರ್ತಿ ಮುಚ್ಚಿಹೋಯಿತು.

“ಹಿಂಗೇನಾ ಟೀಚರ್, ದೊರೆಗಳು ಕೂರ್ತಿದ್ದಿದ್ದು?”

“ದೊಡ್ಡವರೆಲ್ಲ ಹಿಂಗೇ ಕೂರೋದು. ಅಲುಗಾಡಬೇಡಿ. ಉಸಿರು ಹಿಡೀರಿ.”

ಅವನು ಉಸಿರು ಹಿಡಿದ. ಹಿಗ್ಗಿನಿಂದ ಹಲ್ಲು ಮಾತ್ರ ಕಾಣುತ್ತಿತ್ತು. ಇಷ್ಟು ವಿಧೇಯವಾದ ಹೆಣವನ್ನು ಅವಳು ಕಂಡಿರಲಿಲ್ಲ. ಕ್ಯಾಮೆರಾದ ಗುಂಡಿ ಒತ್ತಿದಾಗ ಅವಳ ಮೈಯೆಲ್ಲ ಜುಮ್ಮೆಂದಿತು. ಸಿಕ್ಕಿಬಿದ್ದ ಎಂದುಕೊಂಡಳು.

ಅಷ್ಟರಲ್ಲಿ ಅಡುಗೆಮನೆಯಿಂದ ಅವನ ತಾಯಿ ಸೊಲೆಡಾದ್ ಹೊರಗೆ ಬಂದಳು. ಬಯಲುಸೀಮೆಯಿಂದ ಬಂದು ಮಗನ ಜೊತೆ ಇದ್ದ ಮುದುಕಿ. ಬೆಟ್ಟದ ಚಳಿಗೆ ಮೂಳೆ ನೋವೆಂದು ದಿನವೂ ಗೊಣಗಿದರೂ, ಅಗ್ರಿಪಿನಾ ಬಂದಾಗಲೆಲ್ಲ ಬಿಸಿ ಅಕ್ಕಿಕಡುಬು ತಿನ್ನಿಸದೆ ಕಳಿಸಿದವಳಲ್ಲ. ಮಗನನ್ನು ನೋಡಿ ಅವಳಿಗೆ ಸಂಭ್ರಮವಾಯಿತು.

“ಏನಪ್ಪ, ಎಷ್ಟು ಚೆಂದ ಕಾಣ್ತಿದೀಯ. ಏಳು ಏಳು, ನಾನೂ ಒಂದು ತೆಗೆಸ್ಕೋತೀನಿ. ಮೊಮ್ಮಕ್ಕಳಿಗೆ ಒಂದು ಇರಲಿ.”

ವಿಲ್ಫ್ರೆಡೊ ಎದ್ದು ಹೊದಿಕೆಯನ್ನು ಅಗ್ರಿಪಿನಾಳ ಕೈಗೆ ಕೊಟ್ಟ. ಮುದುಕಿ ತಲೆಗೂದಲು ನೇವರಿಸಿಕೊಂಡು ಬಂದು ಅವಳ ಮುಂದೆ ಹೆಗಲು ಒಡ್ಡಿ ನಿಂತಳು. ಅಮ್ಮನ ವಯಸ್ಸೇ. ಅಮ್ಮನಷ್ಟೇ ಎತ್ತರ. ಹೆಗಲ ಮೂಳೆ ಅದೇ ಥರ ಎದ್ದು ಕಾಣುತ್ತಿತ್ತು. ಅಮ್ಮನಿಗೆ ಇಂಥದ್ದೇ ಹೊದಿಕೆ ಹೊದಿಸಿದ್ದು ತಾನೇ. ಆಗ ಆ ಹೆಗಲು ತಣ್ಣಗಿತ್ತು. ಇದು ಬೆಚ್ಚಗಿತ್ತು. ಅಗ್ರಿಪಿನಾಳ ಕೈ ಅಲ್ಲಿಗೇ ನಿಂತುಬಿಟ್ಟಿತು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಸಾಕಿತ್ತು. ಇಷ್ಟು ದಿನ ಸುಮ್ಮನಿದ್ದವಳಿಗೆ ಅದೇನು ಕಷ್ಟವಿರಲಿಲ್ಲ. ಮುದುಕಿ ಮೊಣಕಾಲು ಹಿಡಿದುಕೊಂಡು ಕುರ್ಚಿಯ ಕಡೆಗೆ ಬಗ್ಗಿದಳು.

“ಕೂರಬೇಡಿ, ಅಮ್ಮ.”

“ಯಾಕಮ್ಮ, ಮುರಿದುಹೋಗತ್ತಾ?”

“ಅದು ಸಿಂಹಾಸನ ಅಲ್ಲ. ಸತ್ತವರನ್ನ ಕೂರಿಸೋ ಕುರ್ಚಿ. ನಮ್ಮಮ್ಮ ತೀರಿಕೊಂಡಾಗ ಅವಳನ್ನ ಕೂರಿಸಿದ್ದು ಇದರಲ್ಲೇ. ಆ ನೀಲಿ ಬಟ್ಟೆ ನಾನು ಕಟ್ಟಿದ್ದು.”

ಮುದುಕಿ ತಟಕ್ಕನೆ ನೆಟ್ಟಗಾದಳು. ವಿಲ್ಫ್ರೆಡೊನ ಕೈ ತಾನಾಗಿ ಹಣೆಗೆ ಹೋಯಿತು. ಪಟ್ಟಿ ಇನ್ನೂ ಅಲ್ಲೇ ಇತ್ತು.

“ಹಾಗಾದ್ರೆ ಇದು? ಈ ಹೊದಿಕೆ?”

“ಅದೂ ಹೆಣಕ್ಕೆ ಹಾಕೋದೇ.”

“ಗೊತ್ತಿದ್ದೂ ನಂಗೆ ಹೊದಿಸಿದ್ರಿ.”

“ಗೊತ್ತಿದ್ದೇ ಹೊದಿಸ್ದೆ. ಪುಸ್ತಕದಲ್ಲಿ ಹಾಕಿ, ಇಡೀ ಬೆಟ್ಟ ನಿಮ್ಮನ್ನ ನೋಡಿ ನಗಬೇಕಿತ್ತು. ಇಷ್ಟು ದಿನ ನಂಗೆ ಅದೊಂದೇ ಖುಷಿ.”

ಅವನ ದುಂಡು ಮುಖ ಕೆಂಪಾಯಿತು. ತಾನು ಕದ್ದವನಲ್ಲ, ಹಣ ಕೊಟ್ಟು ಕೊಂಡವನು. ಹಳೆಯ ಕುರ್ಚಿ ಎಂದು ತಂದುಕೊಟ್ಟವನು ಇವಳ ಊರಿನವನೇ ಎಂದ. ಯಾರೆಂದು ಕೇಳಿದರೆ ಹೇಳಲಿಲ್ಲ. ಕೊಳ್ಳುವ ಮೊದಲು, ಗೋಡೆಗೆ ಸಿಂಹಾಸನ ಎಂದು ಬರೆಸುವ ಮೊದಲು, ಊರಲ್ಲಿ ಒಬ್ಬರನ್ನಾದರೂ ಕೇಳಿದಿರಾ ಎಂದು ಅಗ್ರಿಪಿನಾ ದಬಾಯಿಸಿದಳು. ಅವನು ಹೊದಿಕೆಯನ್ನೇ ನೋಡುತ್ತಿದ್ದ.

“ಕೇಳಲಿಲ್ಲ. ನನ್ನ ತಪ್ಪೇ. ಆದ್ರೆ ನೀವು ನೋಡಿದ ದಿನಾನೇ ಬಾಯಿ ಬಿಡಬಹುದಿತ್ತಲ್ಲ ಟೀಚರ್. ಕಾಫಿ ಕುಡಿದು ಎದ್ದು ಹೋದ್ರಿ. ಆಮೇಲೆ ಎಷ್ಟು ಜನ ಕೂತ್ರು ಇದರಲ್ಲಿ. ಮಕ್ಕಳು ಕೂತ್ರು. ಅದೂ ನನ್ನ ತಲೆ ಮೇಲೇನಾ?”

ಅಗ್ರಿಪಿನಾಳಿಗೆ ಅವನ ಕೆನ್ನೆಗೆ ಬಾರಿಸಬೇಕೆಂದು ಅನ್ನಿಸಿತು. ಅವನು ಹೇಳಿದ್ದು ನಿಜವಾಗಿದ್ದರಿಂದಲೇ ಹಾಗೆ ಅನ್ನಿಸಿತು.

ಸೊಲೆಡಾದ್ ಮಾತ್ರ ಇಬ್ಬರ ಜಗಳದ ಕಡೆಗೂ ಕಿವಿಗೊಟ್ಟಿರಲಿಲ್ಲ. “ನಿಮ್ಮಮ್ಮನ ಹೆಸರೇನಮ್ಮ?” ಎಂದು ಕೇಳಿದಳು. ಬಂಗಾನ್ ಎಂದು ಹೇಳಿದ ಮೇಲೆ ಕುರ್ಚಿಯ ಎದುರು ನಿಂತು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಎದುರಿಗೆ ಯಾರೋ ಕೂತಿದ್ದಾರೆ ಎಂಬಂತೆ, ಬಂಗಾನ್, ನನ್ನ ಮಗ ತಿಳಿಯದೆ ಮಾಡಿದ್ದಾನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದಳು. ಆಮೇಲೆ ಮಗನ ಕಡೆ ತಿರುಗಿ, ಇದನ್ನು ವಾಪಸು ತೆಗೆದುಕೊಂಡು ಹೋಗು, ಜೀಪಿನಲ್ಲಲ್ಲ, ಹೆಗಲ ಮೇಲೆ ಎಂದು ಹೇಳಿ ಅಡುಗೆಮನೆಗೆ ಹೋದಳು. ಒಳಗಿನಿಂದ ಅವಳು ಅಳುವುದು ಕೇಳಿಸಿತು.

ಹಂದಿ ಕಡಿಯುವ ದಿನವನ್ನು ಅಗ್ಪದ್ ಅಜ್ಜ ಗೊತ್ತುಮಾಡಿದ. ಸತ್ತವರ ಕುರ್ಚಿ ಒಮ್ಮೆ ಹೆಗಲೇರಿದರೆ ಬಂಡೆ ಸೇರುವವರೆಗೆ ನೆಲ ಮುಟ್ಟುವಂತಿಲ್ಲ. ವಿಲ್ಫ್ರೆಡೊ ಅದನ್ನು ಹೆಗಲಿಗೇರಿಸಿ, ತನ್ನದೇ ಅತಿಥಿಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಂತೆ, ಪೇಟೆಯ ನಡುವೆ ಹೊರಟ. ಕೆಲವರು ಫೋನು ಎತ್ತಿದರು. ಅವನು ಒಂದು ಕೈ ಮುಂದೆ ಚಾಚಿ ಬೇಡ ಎಂದ. ಅಗ್ರಿಪಿನಾ ಊರಿನವರ ಜೊತೆ ಹಿಂದೆ ಬರುತ್ತಿದ್ದಳು. ಅವನ ಬೆನ್ನು ಬೆವರಿ ಅಂಗಿ ಅಂಟಿಕೊಂಡದ್ದನ್ನು ನೋಡಿ, ಇನ್ನೂ ಬೆವರಲಿ ಎಂದೇ ಅವಳ ಮನಸ್ಸು ಹೇಳುತ್ತಿತ್ತು. ಗದ್ದೆಯ ಕಲ್ಲುಗೋಡೆಯ ಮೇಲಿನ ಕಾಲುದಾರಿ ಬಯಲುಸೀಮೆಯವನಿಗೆ ಎಲ್ಲಿ ಒಗ್ಗಬೇಕು? ತಿರುವಿನಲ್ಲಿ ಕಾಲು ಜಾರಿ ಒಂದು ಮೊಣಕಾಲಿನ ಮೇಲೆ ಬಿದ್ದ. ಕುರ್ಚಿಯನ್ನು ಮಾತ್ರ ತಲೆಯ ಮೇಲಕ್ಕೆ ಎತ್ತಿ ಹಿಡಿದಿದ್ದ.

“ಕೆಳಗೆ ತಂದವನೂ ಇಲ್ಲೇ ಇದ್ದಾನೆ,” ಎಂದ ಅಗ್ಪದ್ ಅಜ್ಜ, ಯಾರ ಮುಖವನ್ನೂ ನೋಡದೆ. “ಅವನೂ ಒಂದು ಕೈ ಹಾಕಬಹುದು.”

ಗುಂಪಿನಿಂದ ಬಾಸಿಲಿಯೊ ಮುಂದೆ ಬಂದ. ಕುರ್ಚಿಯ ಎಡಗಾಲಿಗೆ ಹೆಗಲು ಕೊಟ್ಟ. ನೀಲಿ ಬಟ್ಟೆ ಅವನ ಕೆನ್ನೆಗೆ ತಾಗುತ್ತಿತ್ತು.

ಅಗ್ರಿಪಿನಾಳಿಗೆ ಕಾಲ ಕೆಳಗಿನ ಕಲ್ಲು ಸರಿದಂತಾಯಿತು. ಬಾಸಿಲಿಯೊ ಅವಳ ಮನೆಯಲ್ಲೇ ಉಂಡು ಬೆಳೆದವನು. ಬಂಗಾನ್ ತನ್ನ ಪಾಲಿನ ಒಣಮಾಂಸವನ್ನೂ ಅವನ ತಟ್ಟೆಗೆ ಹಾಕುತ್ತಿದ್ದಳು. ಇಷ್ಟು ದಿನ ಹೊರಗಿನವನ ಮೇಲೆ ಹಲ್ಲು ಕಡಿದದ್ದೆಲ್ಲ ಈಗ ಎರಡು ಪಾಲಾಗಿ, ಒಂದು ಪಾಲು ತಮ್ಮದೇ ಮನೆಯ ಒಲೆಯ ಮುಂದೆ ಬಂದು ಕೂತಿತ್ತು. ಕುರ್ಚಿ ಮತ್ತೆ ಗೂಟಕ್ಕೇರಿತು. ಇಳಿಯುವಾಗ ಬಾಸಿಲಿಯೊ ಅವಳ ಪಕ್ಕದಲ್ಲೇ ಬಂದ. ಪ್ರವಾಸಿಗರು ಹಳೆಯದು ಹಳೆಯದು ಎಂದು ಜೀವ ತಿನ್ನುತ್ತಾರೆ, ತಾನೂ ಅದನ್ನು ಬರೀ ಮರ ಎಂದು ನೋಡಲು ಕಲಿತುಬಿಟ್ಟೆ, ಯಾರ ಕುರ್ಚಿಯೆಂದು ಕೂಡ ನೋಡಲಿಲ್ಲ ಎಂದ. ಈಗಲೂ ಅವಳಿಗೆ ಅವನ ಜೊತೆ ಸರಿಯಾಗಿ ಮಾತಿಲ್ಲ.

ಊಟದ ಹೊತ್ತಿಗೆ ಅಗ್ಪದ್ ಅಜ್ಜ ಅವಳನ್ನು ಹತ್ತಿರ ಕರೆದ. ಹೊದಿಕೆಯ ವಿಷಯ ಅವನ ಕಿವಿಗೂ ಬಿದ್ದಿತ್ತು. “ಅವನು ಕುರ್ಚಿನ ಆಟಕ್ಕೆ ಇಟ್ಟ, ನೀನು ಹೊದಿಕೆನ ಆಟಕ್ಕೆ ತಂದೆ. ಅವನಿಗಾದ್ರೂ ತಿಳೀದು,” ಎಂದ. ಬೈಗುಳ ಅಷ್ಟೇ. ಆಮೇಲೆ ಒಳ್ಳೆಯ ಮಾಂಸದ ತುಂಡು ಹುಡುಕಿ ಅವಳ ತಟ್ಟೆಗೆ ಹಾಕಿದ.

ಕೆಲವು ದಿನ ಕಳೆದ ಮೇಲೆ ವಿಲ್ಫ್ರೆಡೊ ಅವಳ ಮನೆಗೆ ಬಂದ. ಫೋಟೋ ಅಳಿಸಿಹಾಕಿ ಎಂದು ಬೇಡಿಕೊಳ್ಳಲು ಬಂದಿದ್ದಾನೆಂದು ಅವಳಿಗೆ ಅನ್ನಿಸಿತು. ಬೇಡಲಿ, ಚೆನ್ನಾಗಿ ಬೇಡಲಿ ಎಂದು ಕೂರಲೂ ಹೇಳದೆ ನಿಂತಳು. ಅವನು ಕೇಳಿದ್ದೇ ಬೇರೆ. ಆ ಫೋಟೋದ ದೊಡ್ಡ ಪ್ರತಿಯೊಂದು ಬೇಕು, ಕೆಳಗೆ ಇವಳೇ ನಾಲ್ಕು ಮಾತು ಬರೆದುಕೊಡಬೇಕು, ವಸತಿಗೃಹದ ಬಾಗಿಲಲ್ಲೇ ತೂಗುಹಾಕುತ್ತೇನೆ ಎಂದ.

“ಬೋರ್ಡು ಹಾಕಿದ್ರೆ ಯಾರೂ ಓದಲ್ಲ ಟೀಚರ್. ಬಾಯಲ್ಲಿ ಹೇಳಿದ್ರೆ ತಲೆ ಆಡಿಸಿ ಹೋಗ್ತಾರೆ. ಈ ಮೂರ್ಖನ್ನ ನೋಡಿದ್ರೆ ನಿಂತು ಓದ್ತಾರೆ.”

ತನ್ನ ಸೇಡನ್ನು ಅವನೇ ಬಂದು ಕೇಳಿ ತೆಗೆದುಕೊಂಡುಹೋದ ಹಾಗಾಯಿತು ಅವಳಿಗೆ. ಸಿಟ್ಟೂ ಬಂತು, ನಗುವೂ ಬಂತು. ಚಿತ್ರದಲ್ಲಿ ಕುರ್ಚಿ ಕಾಣುವುದಿಲ್ಲವಲ್ಲ ಎಂದು ಅಜ್ಜನೂ ಒಪ್ಪಿದ. ಅಗ್ರಿಪಿನಾ ಬರೆಯಲು ಕೂತಳು. ಮೊದಲ ಸಾಲಿನಲ್ಲೇ ವಿಲ್ಫ್ರೆಡೊನ ಹೆಸರು ಬಂತು, ಅಡ್ಡಹೆಸರಿನ ಸಮೇತ. ಬರೆಯುವಾಗ ಕೈಗೆ ಎಂಥ ಹಿತವಾಗಿತ್ತೆಂದರೆ ಅಕ್ಷರವನ್ನು ತಿದ್ದಿ ತಿದ್ದಿ ಬರೆದಳು. ಆದರೆ ಆ ಹೆಸರು ಬರೆದರೆ ಬಾಸಿಲಿಯೊನ ಹೆಸರನ್ನೂ ಬರೆಯಬೇಕು. ನೋಡಿಯೂ ಸುಮ್ಮನೆ ಕಾಫಿ ಕುಡಿದು ಬಂದವಳ ಹೆಸರನ್ನೂ ಬರೆಯಬೇಕು. ಕೊನೆಗೆ ಹೆಸರನ್ನು ಹೊಡೆದುಹಾಕಿದಳು. ಉಳಿದದ್ದು ಇಷ್ಟು: ‘ಈ ಮನುಷ್ಯ ಬದುಕಿದ್ದಾನೆ. ಆದರೆ ಹೊದ್ದಿರುವುದು ನಮ್ಮಲ್ಲಿ ಸತ್ತವರಿಗೆ ಹೊದಿಸುವ ಬಟ್ಟೆ. ಅವನಿಗೆ ಗೊತ್ತಿರಲಿಲ್ಲ, ಅವನು ಕೇಳಲೂ ಇಲ್ಲ. ನೀವು ಮುಟ್ಟುವ ಮೊದಲು ಕೇಳಿ. ನಾವು ಹೇಳುತ್ತೇವೆ.’

ಪುಸ್ತಕ ಅಚ್ಚಾಗಿ ಬಂದಮೇಲೆ ಪ್ರತಿಗಳನ್ನು ಕೊಡಲು ಅವಳು ವಸತಿಗೃಹಕ್ಕೆ ಹೋದಳು. ಹೊಸದಾಗಿ ಬಂದ ಐದಾರು ಜನ ಬಾಗಿಲ ಬಳಿ ಬ್ಯಾಗು ಹೊತ್ತುಕೊಂಡೇ ಫೋಟೋದ ಮುಂದೆ ನಿಂತಿದ್ದರು. ಒಬ್ಬ ಗಟ್ಟಿಯಾಗಿ ಓದಿದ. ಮಿಕ್ಕವರು ಬಿದ್ದು ಬಿದ್ದು ನಕ್ಕರು. ಹಣೆಯ ಪಟ್ಟಿ, ಬಿಟ್ಟ ಹಲ್ಲು, ಒಂದೊಂದನ್ನೂ ಬೆರಳಿಟ್ಟು ತೋರಿಸಿ ನಕ್ಕರು. ಇಂಥ ನಗುವನ್ನೇ ಅವಳು ಎಷ್ಟೋ ದಿನ ಕನಸಿನಲ್ಲಿ ಕೇಳಿದ್ದಳು. ಈಗ ಕೇಳಿದರೆ ಕಿವಿ ಬಿಸಿಯಾಯಿತು. ವಿಲ್ಫ್ರೆಡೊ ಮೇಜಿನ ಹಿಂದೆ ಬೀಗದಕೈ ಹುಡುಕುತ್ತ ಬೆನ್ನು ತಿರುಗಿಸಿ ನಿಂತಿದ್ದ.

ಓದಿದವನು ಮೇಜಿಗೆ ಮೊಣಕೈ ಊರಿ, “ಯಾರು ಸಾರ್ ಈ ಪೆದ್ದ?” ಎಂದು ಕೇಳಿದ.

ವಿಲ್ಫ್ರೆಡೊ ಬಾಗಿಲಲ್ಲಿ ನಿಂತಿದ್ದ ಅಗ್ರಿಪಿನಾಳನ್ನು ನೋಡಿದ. ಆಮೇಲೆ ಬೀಗದಕೈ ಅವರ ಮುಂದಿಟ್ಟ.

“ನಾನೇ,” ಎಂದ.